ನನ್ನ ಭಾನುವಾರಗಳ ಮೇಲಿನ ದೂರು

ಫೊಯರ್‌ಬಾಕ್, ಸ್ಟುಟ್‌ಗಾರ್ಟ್
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಗಗನಾ,

ನಿನ್ನ ಪತ್ರ ಬಂದ ಮೇಲೆ ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು. ಬೈಯುವುದಿದ್ದರೆ ಬೈದುಬಿಡು, ಎದುರು ಮಾತಾಡುವುದಿಲ್ಲ. ಹಾಸ್ಟೆಲ್ಲಿನಲ್ಲಿ ಬಿಸಿನೀರಿನ ಬಕೆಟ್ಟಿಗೆ ಜಗಳವಾಡಿದ ಇಬ್ಬರು ಇನ್ನೂ ಪೆನ್ನು ಹಿಡಿದು ಕಾಗದ ಬರೆದುಕೊಳ್ಳುತ್ತಾರೆ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ನಿನ್ನ ಮೊಣಕಾಲು ಹೇಗಿದೆ? ಕಾಲೇಜಿನಲ್ಲಿ ನಿನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದರಾ? ಮಾಡಿದ್ದರೆ ಪಕ್ಕದ ಕುರ್ಚಿಯವರ ಮೇಲೆ ಒಂದು ಕಣ್ಣಿಟ್ಟಿರು.

ನಾವು ಕ್ಷೇಮ. ಗಂಡ ಮಹಾಶಯ ಮೆಲ್ರಾಯ್‌ಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಅದೇ ಕೆಲಸ. ಮಗಳು ಅಶ್ಲಿನ್ ನನಗಿಂತ ಎತ್ತರ ಬೆಳೆದಿದ್ದಾಳೆ. ಕೊಂಕಣಿಯಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲಿ ಉತ್ತರ, ಅದೂ ಒಂದೇ ಪದ.

ಮೊನ್ನೆ ಶುಕ್ರವಾರ ಒಂದು ಫ್ರೆಂಚ್ ಥ್ರಿಲ್ಲರ್ ಸಿನಿಮಾ ನೋಡಿದೆ. ಪ್ಯಾರಿಸ್ಸಿನಲ್ಲಿ ಒಂದು ಗಾಜಿನ ಕಟ್ಟಡ, ಒಂದು ಹುದ್ದೆ, ಅದಕ್ಕೆ ಬಾಯಿಬಿಡುವ ಇಬ್ಬರು ಮ್ಯಾನೇಜರುಗಳು. ಒಬ್ಬ ಇನ್ನೊಬ್ಬನ ಕಾರಿನ ಬ್ರೇಕ್ ಪೈಪು ಕತ್ತರಿಸುತ್ತಾನೆ, ಅವನು ಹೆದ್ದಾರಿಯಲ್ಲಿ ಸಾಯುತ್ತಾನೆ. ನಾನು ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದೆ. ಇಷ್ಟು ವರ್ಷ ಬ್ರೇಕಿನ ಸಾಫ್ಟ್‌ವೇರನ್ನೇ ಪರೀಕ್ಷೆ ಮಾಡಿ ಹೊಟ್ಟೆ ಹೊರೆದವಳು ಮಾರಾಯ್ತಿ ನಾನು. ಈಗಿನ ಕಾರು ಪಾರ್ಕಿಂಗಿನಿಂದ ಹೊರಗೆ ಬರುವ ಮೊದಲೇ ಕೆಂಪು ದೀಪ ಹತ್ತಿಸಿ ಬೊಬ್ಬೆ ಹೊಡೆಯುತ್ತದೆ. ಅದಕ್ಕಿಂತ ಹೆಚ್ಚು ನಗು ಬಂದದ್ದು ಆ ಕೊಲೆಗಾರನ ಕಷ್ಟ ನೋಡಿ. ಪಾಪ, ಅವನಿಗೆ ಕತ್ತರಿ ಬೇಕಾಯಿತು, ಕೈಗವಸು ಬೇಕಾಯಿತು. ಬೊಬ್ಲಿಂಗೆನ್‌ನ ನಮ್ಮ ಆಫೀಸಿಗೆ ಬಂದಿದ್ದರೆ ಬರೀ ಕಾಳಜಿಯಿಂದ ಕೊಲ್ಲುವುದು ಹೇಗೆಂದು ಕಲಿಸುತ್ತಿದ್ದೆವು.

ಸಿನಿಮಾಗೆ ಕರೆದುಕೊಂಡು ಹೋದವನು ಅಶ್ವಿನ್. ಹೊಸ ಟೀಮ್ ಲೀಡ್ ಆದ ಖುಷಿಗೆ ಇಡೀ ತಂಡಕ್ಕೆ ಟಿಕೆಟ್ಟು, ಪಾಪ್‌ಕಾರ್ನು. ಅವನ ವಿಷಯ ನಿನಗೆ ಹಿಂದೆ ಬರೆದಿದ್ದೆ, ಮೈಸೂರಿನ ಹುಡುಗ ಅಂತ. ಅವನು ಇಲ್ಲಿಗೆ ಬಂದಿಳಿದಾಗ ಮನೆ ಹುಡುಕಿಕೊಟ್ಟವಳು ನಾನು, ಅನ್‌ಮೆಲ್ಡುಂಗ್ ಎಂಬ ವಿಳಾಸದ ನೋಂದಣಿ ಮಾಡಿಸಲು ನಗರಸಭೆಯ ಕಚೇರಿಗೆ ಜೊತೆಗೆ ಹೋಗಿ ಸಾಲಿನಲ್ಲಿ ನಿಂತವಳು ನಾನು. ಅವನ ವಾಷಿಂಗ್ ಮಷೀನನ್ನು ಮೂರನೇ ಮಹಡಿಗೆ ಹೊತ್ತವನು ಮೆಲ್ರಾಯ್. ನನ್ನ ಬಂಗುಡೆ ಪುಳಿಮುಂಚಿ ತಿಂದು ಕೆನ್ನೆ ತುಂಬಿಕೊಂಡವನು. ಅಕ್ಕ, ಅಕ್ಕ ಎಂದು ಎಷ್ಟು ಕರೆಯುತ್ತಿದ್ದನೆಂದರೆ, ಅಕ್ಕ ಎಂದರೆ ಮೇಡಂ ಎಂದೇ ತಿಳಿದು ಜರ್ಮನರೂ ನನ್ನನ್ನು ಹಾಗೇ ಕರೆಯತೊಡಗಿದ್ದರು.

ಬೇಸಿಗೆಯಲ್ಲಿ ನಮ್ಮ ಹಳೆಯ ಲೀಡ್ ನಿವೃತ್ತಿಯಾಗುವುದಾಗಿ ಹೇಳಿದರು. ಆ ಜಾಗಕ್ಕೆ ಉಳಿದವರು ಇಬ್ಬರೇ, ನಾನು ಮತ್ತು ಅಶ್ವಿನ್. ನನಗೆ ಅದು ಬೇಕಿತ್ತು ಗಗನಾ, ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಬೇಕಿತ್ತು. ಎಷ್ಟು ಜನ ನಿನ್ನೆ ಮೊನ್ನೆ ಬಂದವರು ನನ್ನ ತಲೆಯ ಮೇಲಿಂದ ದಾಟಿ ಮುಂದೆ ಹೋಗಿದ್ದರು. ಹಾಗಾಗಿ ನಾನು ನಮ್ಮ ಊರಿನವರು ಮಾಡುವುದನ್ನೇ ಮಾಡಿದೆ, ಭಾನುವಾರವೂ ಕೂತು ಕೆಲಸ ಮಾಡಿದೆ. ಬೆಂಗಳೂರಿನಲ್ಲಾದರೆ ಇಂಥವಳಿಗೆ ಸನ್ಮಾನ ಮಾಡುತ್ತಾರೆ. ಇಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆದರೂ ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಆಫೀಸು ಕೆಲಸವಂತೂ ಕಾನೂನಿಗೇ ವಿರುದ್ಧ, ಕಂಪನಿಗೆ ದಂಡ ಬೀಳಬಹುದು. ಅದು ಗೊತ್ತಿದ್ದೇ, ಮೇಲ್‌ಗಳನ್ನು ಬರೆದಿಟ್ಟು ಸೋಮವಾರ ಬೆಳಿಗ್ಗೆ ಹೋಗುವ ಹಾಗೆ ಮಾಡುತ್ತಿದ್ದೆ. ಬಹಳ ಬುದ್ಧಿವಂತೆ ಅಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ನಮ್ಮ ಮೇಲಧಿಕಾರಿ ಫ್ರೌ ಬ್ರೆನ್ನರ್ ಕರೆದರು. ಪಕ್ಕದಲ್ಲಿ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರ ಸಮಿತಿಯ ಒಬ್ಬ ಗಡ್ಡದವನು. ಮರಣದ ಮನೆಯ ಮುಖ ಹೊತ್ತು, ಸಹೋದ್ಯೋಗಿಯೊಬ್ಬರಿಗೆ ನನ್ನ ಆರೋಗ್ಯದ ಬಗ್ಗೆ ತುಂಬಾ ಚಿಂತೆಯಾಗಿದೆ ಎಂದ. ನಾನು ಯಾವ ಯಾವ ಭಾನುವಾರ ಕೆಲಸ ಮಾಡಿದೆ ಎಂದೆಲ್ಲ ಹೇಳಿದ. ನಾದಿನಿಯ ಮಗುವಿನ ಬಾಪ್ತಿಸ್ಮದ ಊಟ ಅರ್ಧಕ್ಕೆ ಬಿಟ್ಟು ಎದ್ದು ಬಂದ ದಿನವೂ ಅವನಿಗೆ ಗೊತ್ತಿತ್ತು. ಎಲ್ಲವನ್ನೂ ಒಪ್ಪಿಕೊಂಡೆ. ತಮ್ಮ ಭಾನುವಾರವನ್ನೇ ಕಾಯಲಾರದವರ ಕೈಗೆ ತಂಡದವರ ಭಾನುವಾರ ಹೇಗೆ ಕೊಡುವುದು ಎಂದರು ಫ್ರೌ ಬ್ರೆನ್ನರ್. ನನಗೆ ಎಚ್ಚರಿಕೆ ಪತ್ರ, ಅಶ್ವಿನ್‌ಗೆ ಹುದ್ದೆ.

ಮರುದಿನ ಕಾಫಿ ಮೆಷೀನಿನ ಹತ್ತಿರ ಅಶ್ವಿನ್ ತಾನೇ ಬಂದ. ಮುಚ್ಚಿಡುವಷ್ಟು ನಾಚಿಕೆಯೂ ಆ ಮನುಷ್ಯನಿಗೆ ಇಲ್ಲ ನೋಡು.

"ಅಕ್ಕಾ, ತಪ್ಪ್ ತಿಳ್ಕೋಬೇಡಿ. ನಿಮ್ ಹೆಲ್ತ್ ನೋಡಿ ಟೆನ್ಷನ್ ಆಗ್ತಿತ್ತು. ಸ್ವಂತ ತಮ್ಮ ಆಗಿದ್ರೂ ಇದನ್ನೇ ಮಾಡ್ತಿದ್ದ."

ಸ್ವಂತ ತಮ್ಮ ಲಾರೆನ್ಸ್ ಮಂಗಳೂರಿನಲ್ಲಿದ್ದಾನೆ, ಅವನು ಕೆಟ್ಟರೂ ಇಷ್ಟು ಕೆಡುವುದಿಲ್ಲ ಎಂದು ಹೇಳಬೇಕೆನಿಸಿತು. ಆದರೆ ಬೆಳಗಿನ ಹೊತ್ತು ಕಾಫಿ ಹಾಳಾಗುತ್ತದೆ.

ಈಗ ಅವನು ನಡೆಯುವ ರೀತಿಯನ್ನು ನೀನು ನೋಡಬೇಕು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಜರ್ಮನರಿಗಿಂತ ಮೊದಲು ಫೈಯರ್‌ಆಬೆಂಡ್ ಎಂದು ಸಾರಿ ಬ್ಯಾಗು ಎತ್ತುತ್ತಾನೆ. ಕೆಲಸ ಮುಗಿಯುವ ಸಮಯಕ್ಕೆ ಹಾಗೆನ್ನುತ್ತಾರೆ ಇಲ್ಲಿ. ಅವನು ಬಿಟ್ಟುಹೋದ ಪರೀಕ್ಷೆಗಳನ್ನು ನಾವು ಮುಗಿಸುತ್ತೇವೆ. ಬ್ರೇಕಿನ ಬಗ್ಗೆ ಅವನಿಗೆ ತಿಳಿದಿರುವುದು ಆ ಸಿನಿಮಾದವರಿಗೆ ತಿಳಿದಷ್ಟೇ. ಸಿನಿಮಾ ಮುಗಿದು ಹೊರಗೆ ಬಂದಾಗ ನನ್ನ ಪಕ್ಕದಲ್ಲೇ ನಿಂತು, "ಎಷ್ಟ್ ಟಾಕ್ಸಿಕ್ ಅಲ್ವಾ ಅಕ್ಕಾ ಆ ಆಫೀಸು? ನಮ್ದು ಪುಣ್ಯ," ಅಂದ. ಎಸ್-ಬಾನ್ ರೈಲು ಹತ್ತಿದ ಮೇಲೂ ನನಗೆ ಅಸಹ್ಯ ಇಳಿಯಲಿಲ್ಲ. ಮೋಸ ಮಾಡಿದ್ದನ್ನಾದರೂ ನುಂಗಬಹುದು, ಮೋಸ ಮಾಡಿ ಒಳ್ಳೆಯವನೆನಿಸಿಕೊಳ್ಳುವ ಈ ಹಪಾಹಪಿಯನ್ನು ಹೇಗೆ ನುಂಗುವುದು?

ಸಾಕು. ಇಷ್ಟು ಹೊತ್ತು ಅವನನ್ನು ಬೈದು ಕೈ ನೋಯುತ್ತಿದೆ. ನಿನ್ನ ಮಗಳು ಅಮೂಲ್ಯಾಗೆ ಎಂಟೆಕ್ ಸೀಟು ಸಿಕ್ಕಿದ್ದಕ್ಕೆ ನನ್ನ ಮನಸ್ಸು ತುಂಬಿದ ಆಶೀರ್ವಾದ. ಒಳ್ಳೆಯ ಕೆಲಸ ಸಿಗಲಿ, ಒಳ್ಳೆಯವರ ನಡುವೆ ಸಿಗಲಿ. ದೇವೀರಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳು. ನೀನು ಮಾತ್ರೆ ನುಂಗುವುದನ್ನು ಮರೆಯಬೇಡ.

ನಿನ್ನ,
ಸ್ವೀಡಲ್

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಬಾಪ್ತಿಸ್ಮದ ದಿನದ ವಿಷಯ ಅಶ್ವಿನ್‌ಗೆ ಹೇಗೆ ಗೊತ್ತಾಯಿತೆಂದು ನೀನು ಕೇಳಿಯೇ ಕೇಳುತ್ತೀ. ಮೆಲ್ರಾಯ್ ಹೇಳಿದ್ದು. ಬಾಯಿತಪ್ಪಿ ಅಲ್ಲ, ತಾನಾಗಿಯೇ ಅವನ ಮನೆಗೆ ಹೋಗಿ, ಕೂತು, ಎಲ್ಲ ಭಾನುವಾರಗಳನ್ನೂ ಹೇಳಿದ್ದಾನೆ. ನಿನ್ನೆ ನಾನು ಕೇಳಿದಾಗ ಅಡಗಿಸಲಿಲ್ಲ. "ನಿನಗೆ ಆ ಹುದ್ದೆ ಸಿಗಬಾರದೂಂತಲೇ ಹೇಳಿದ್ದು. ಅದು ಸಿಕ್ಕಿದ್ರೆ ನೀನು ಮತ್ತೆ ನಮಗೆ ಸಿಗ್ತಿರಲಿಲ್ಲ," ಎಂದ. ಕ್ಷಮೆ ಕೇಳಲಿಲ್ಲ. ಅಶ್ವಿನ್‌ನನ್ನು ಹೊಟ್ಟೆ ತುಂಬ ತಿರಸ್ಕರಿಸಬಲ್ಲೆ, ಅದರಲ್ಲಿ ಒಂದು ಸುಖವಿದೆ. ಇವನನ್ನು ಹಾಗೆ ಮಾಡಲಿಕ್ಕೆ ಆಗುತ್ತಿಲ್ಲ, ಮಾಡದಿರಲಿಕ್ಕೂ ಆಗುತ್ತಿಲ್ಲ. ಈಗ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಭಾನುವಾರವಲ್ಲವಾ, ವಾಕಿಂಗ್ ಹೋಗೋಣ ಎನ್ನುತ್ತಿದ್ದಾನೆ. ನನ್ನ ಕೋಟನ್ನೂ ಕೈಯಲ್ಲಿ ಹಿಡಿದುಕೊಂಡಿದ್ದಾನೆ. ನಾನು ಇನ್ನೂ ಬರೆಯುವುದಿದೆ ಎಂದು ಸುಳ್ಳು ಹೇಳಿ ಇಲ್ಲೇ ಕೂತಿದ್ದೇನೆ ಗಗನಾ.