ಅದೇ ಕಟ್ಟಡದಲ್ಲಿ ಚಿಕಿತ್ಸೆ

ಮಾನಸಿಕ ಪುನಶ್ಚೇತನ ಇಲಾಖೆಯ ಮಾನ್ಯ ನಿರ್ದೇಶಕರೇ,

ಹಿಂದಿನ ಸರ್ಕಾರ ನನ್ನನ್ನು ಕೂಡಿಹಾಕಿದ್ದ ಕಟ್ಟಡದಲ್ಲೇ ತಾವು ನನ್ನ ಮನಸ್ಸಿಗೆ ಚಿಕಿತ್ಸೆ ಏರ್ಪಡಿಸಿದ್ದೀರಿ. ಈ ಜಾಣತನಕ್ಕೆ ಏನೆನ್ನಲಿ? ಗೋಡೆಗೆ ತಿಳಿಗುಲಾಬಿ ಬಣ್ಣ ಬಳಿಸಿದ್ದೀರಂತೆ. ಆಗ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ದರು ಸ್ವಾಮಿ. ಗೋಡೆಯ ಗುರುತು ನನಗಿಲ್ಲ. ಕಾಲಿಗೆ ಮೆಟ್ಟಿಲಿನ ಗುರುತಿದೆ.

ನಾನು ಕ್ಷೌರಿಕ. ವೀರನೇನೂ ಅಲ್ಲ. ಗಲಭೆಯ ದಿನ ಸರ್ಕಾರದ ವಿರುದ್ಧದ ಮೆರವಣಿಗೆಯಿಂದ ಓಡಿಬಂದವನೊಬ್ಬನನ್ನು ಕುರ್ಚಿಯಲ್ಲಿ ಕೂರಿಸಿ, ಮುಖ ಕಾಣದಷ್ಟು ನೊರೆ ಹಚ್ಚಿದ್ದೇ ನನ್ನ ಅಪರಾಧ. ಅದೂ ಅವನನ್ನು ಬಚ್ಚಿಡಲೆಂದಲ್ಲ, ಗಿರಾಕಿ ಎಂದುಕೊಂಡಿದ್ದೆ. ವಿಚಾರಣೆಯಲ್ಲಿ ಈ ಸತ್ಯ ಹೇಳಿದರೆ ಯಾರೂ ನಂಬಲಿಲ್ಲ. ಅಷ್ಟು ದಡ್ಡನಿರಲಾರನೆಂದು ನನ್ನ ಬಗ್ಗೆ ಅವರಿಗಿದ್ದ ಗೌರವ ಅದು!

ಆಡಳಿತ ಬದಲಾಗಿ ಮನೆಗೆ ಬಂದೆ. ಈಗ ಎಲ್ಲಾದರೂ ಬಾಗಿಲು ಬಡಿದರೆ ಸಾಕು, ನಾನು ಮೇಜಿನಡಿ. "ಹೀಗೇ ಆದ್ರೆ ಯಾರದಾದ್ರೂ ಕಿವಿ ಹೋಗತ್ತೆ ಕಣೋ, ನಡಿ" ಎಂದು ಅಕ್ಕ ನನ್ನನ್ನು ತಮ್ಮ ಚಿಕಿತ್ಸಾ ಕೇಂದ್ರಕ್ಕೆ ಎಳೆದುತಂದಳು. ಬಾಗಿಲಲ್ಲಿದ್ದ ಸಿಬ್ಬಂದಿ ಪ್ರೀತಿಯಿಂದಲೇ, "ಭಯ ಬೇಡ ಸರ್, ಒಳಗೆ ಬನ್ನಿ" ಎಂದರು. ಹಿಂದೆಯೂ ಅಲ್ಲಿ ಒಳಗೆ ಕರೆದಿದ್ದರಲ್ಲ! ಓಟ ಕಿತ್ತೆ. ಹೊರಟ ಬಸ್ಸನ್ನು ಹಿಡಿಯಲೂ ಹಾಗೆ ಓಡಿದವನಲ್ಲ. "ಚಿಕಿತ್ಸೆಯ ಅಗತ್ಯ ಕಂಡುಬಂದಿಲ್ಲ" ಎಂದು ತಮ್ಮ ಕಚೇರಿ ತೀರ್ಮಾನಿಸಿತು. ನನ್ನ ಓಟ ಕಂಡೇ ಹಾಗೆಂದಿರಬೇಕು.

ಮೊನ್ನೆ ನಿವೃತ್ತ ಲೆಕ್ಕದ ಮೇಷ್ಟ್ರ ತಲೆಗೆ ಕತ್ತರಿ ಹಾಕಿದ್ದೆ. ಗಾಳಿಗೆ ಬಾಗಿಲು ಬಡಿಯಿತು. ಮೇಜಿನಡಿ ನುಗ್ಗಿದರೆ ಅಲ್ಲಿ ಜಾಗವೇ ಇಲ್ಲ. ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಮೇಷ್ಟ್ರು ಆಗಲೇ ಮುದುರಿ ಕೂತಿದ್ದರು.

"ನೀವೂನಾ ಸರ್?"

"ನೆಲಮಾಳಿಗೆ. ನಿಮ್ದು?"

"ಮಹಡಿ."

"ಪುಣ್ಯವಂತರು ಬಿಡಿ, ಗಾಳಿನಾದ್ರೂ ಬರ್ತಿತ್ತು" ಎಂದು ಹೊಟ್ಟೆಕಿಚ್ಚುಪಟ್ಟರು.

ಇಬ್ಬರೂ ನಕ್ಕೆವು. ನಗುತ್ತಲೇ ಮೇಷ್ಟ್ರು ಅಳತೊಡಗಿದರು. ನಾನು ಅವರ ಬೆನ್ನು ಸವರುತ್ತ, ಇದುವರೆಗೆ ಅಕ್ಕನಿಗೂ ಹೇಳದ್ದನ್ನೆಲ್ಲ ಹೇಳಿಬಿಟ್ಟೆ. ಅರ್ಧ ಕತ್ತರಿಸಿದ ಕೂದಲಲ್ಲೇ ಅವರು ಸಂಜೆಯವರೆಗೂ ಕೂತು ಕೇಳಿದರು. ಅಂದು ನನಗೆ ನಿದ್ದೆ ಬಂತು.

ಆದರೆ ಅವರು ಕಲಿತದ್ದು ಲೆಕ್ಕ, ನಾನು ಕಲಿತದ್ದು ಕ್ಷೌರ. ಮನಸ್ಸಿನ ವಿದ್ಯೆ ಬಲ್ಲವರೊಬ್ಬರು ನಮಗೆ ಬೇಕೇ ಬೇಕು. ಆದ್ದರಿಂದ ಕೇಂದ್ರವನ್ನು ಕೂಡಲೇ ಸ್ಥಳಾಂತರಿಸಿ. ನಮ್ಮಲ್ಲಿ ಯಾರನ್ನೂ ಕೂಡಿಹಾಕಿರದ ಕಟ್ಟಡ ಊರಿನಲ್ಲಿ ಒಂದೂ ಸಿಗದಿದ್ದರೆ, ಮರದ ಕೆಳಗೆ ನಾಲ್ಕು ಕುರ್ಚಿ ಹಾಕಿಸಿ. ನಾವಾಗಿಯೇ ಬರುತ್ತೇವೆ, ಯಾರೂ ಹಿಡಿದು ತರಬೇಕಾಗಿಲ್ಲ.

ಇಂತಿ,
ಗಂಡೆದೆಯವನೆಂದು ಸ್ವಂತ ಅಕ್ಕನೊಬ್ಬಳೇ ಹೇಳಿಕೊಂಡು ತಿರುಗುವ
ಕ್ಷೌರಿಕ