ಏಳನೆಯ ಗೇಟಿನ ಉದ್ದನೆಯ ಹೆಸರು

ಹೊನ್ನೆತ್ತಿ ಅಣೆಕಟ್ಟು,
ಕ್ರಿ.ಶ. ೨೩೨೭, ಭಾದ್ರಪದದ ಮೂವತ್ತೆಂಟನೆಯ ದಿನ

ಪ್ರೀತಿಯ ರುಕ್ಸಾನಾ ನದಾಫ್,

ತಿಂಗಳಿಗೆ ಮೂವತ್ತೆಂಟು ದಿನವೇ ಎಂದು ಹುಬ್ಬೇರಿಸಬೇಡ, ನಮ್ಮ ಕ್ಯಾಲೆಂಡರೇ ಹಾಗೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸು. ನೀನು ನನಗಿಂತ ಮುನ್ನೂರು ವರ್ಷ ಹಿಂದಿನವಳು. ಆದರೆ ದಾಖಲೆಯಲ್ಲಿ ನಿನಗಿನ್ನೂ ಇಪ್ಪತ್ತಾರು, ನನಗೆ ಎಪ್ಪತ್ತೊಂದು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನಾನು ನೀಲಗಂಗಾ ಹೂಗಾರ, ಈ ಅಣೆಕಟ್ಟಿನ ನೀರುಗಾವಲಿನವಳು. ನಾವು ಗೆದ್ದೆವು ತಾಯಿ, ಅದನ್ನು ಹೇಳಲಿಕ್ಕೇ ಈ ಪತ್ರ.

ನಮ್ಮ ಕಾಲದ ಗೇಟುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತವೆ. ಆದ್ದರಿಂದ ನೀರು ಕೆಂಪು ಗೆರೆ ಮುಟ್ಟುವವರೆಗೆ ಕಾಯುವುದು ನಮ್ಮ ರೂಢಿ. ನಾಲ್ಕು ದಿನದ ಹಿಂದೆ ಮಧ್ಯಾಹ್ನ ಪ್ರವಾಹ ಬಂದಾಗ ಹೊಸ ಆರು ಗೇಟುಗಳೂ ಮರದ ದಿಮ್ಮಿ ಸಿಕ್ಕಿ ಜಾಮಾದವು. ಉಳಿದದ್ದು ನಿನ್ನ ಕಾಲದ ಏಳನೆಯದು; ಅದು ತೆರೆದದ್ದನ್ನು ಬದುಕಿರುವವರು ಯಾರೂ ಕಂಡಿಲ್ಲ. ಕೆಳಗಿನ ಕೆಳಪೇಟೆಯಲ್ಲಿ ನಲವತ್ತು ಸಾವಿರ ಜನ, ನನ್ನ ಮಗಳೂ ಅಲ್ಲಿಯೇ. ಇದೂ ಕ್ಷಣದಲ್ಲಿ ತೆರೆಯುತ್ತದೆ, ಗೆರೆ ಮುಟ್ಟಲು ಇನ್ನೂ ಎರಡು ತಾಸಿದೆ, ಕಾಯೋಣ ಎಂದರು ಎಲ್ಲರೂ. ನಾನೂ ಹೂಂ ಅಂದೆ, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ 'ಹೊರಗಿನವರ ಓದು' ಎಂಬ ಕಟ್ಟಳೆಯಿದೆ. ಯಾವ ಯಂತ್ರವನ್ನು ಮುಟ್ಟುವ ಮೊದಲೂ ಅದನ್ನು ನಡೆಸುವ ಕೋಡನ್ನು ಆ ಕೆಲಸ ಗೊತ್ತಿಲ್ಲದ ಒಬ್ಬರು ಗಟ್ಟಿಯಾಗಿ ಓದಬೇಕು. ಅಂದು ಅಡುಗೆಮನೆಯಿಂದ ಶಾಂತವೀರಪ್ಪನನ್ನು ಕರೆದೆವು. ಕೋಡಿನಲ್ಲಿ ಸಂಖ್ಯೆ ಇಡುವ ಖಾನೆಗೆ ಪ್ರಾಪರ್ಟಿ ಅನ್ನುತ್ತಾರೆ; ಮೊದಲನೆಯದರ ಹೆಸರು 'ಮೌಲ್ಯ೨', ಎದುರಿಗೆ ೬೦. ಏನು ಅರವತ್ತು? ಅಡಿಯೋ, ಡಿಗ್ರಿಯೋ, ಬರೆದ ಪುಣ್ಯಾತ್ಮನ ವಯಸ್ಸೋ, ದೇವರಿಗೇ ಗೊತ್ತು. ಅದರ ಕೆಳಗೆ ನೀನು ಬರೆದು ಹೆಸರಿಟ್ಟದ್ದು: 'ಗೇಟು ಪೂರ್ತಿ ತೆರೆಯಲು ಬೇಕಾಗುವ ನಿಮಿಷಗಳು', ೧೮೦. ಶಾಂತವೀರಪ್ಪ ಕೈಯಲ್ಲಿದ್ದ ಸೌಟು ಕೆಳಗಿಟ್ಟ. "ಮೂರು ತಾಸು ಬೇಕಂತಲ್ರಿ ಇದಕ್ಕ. ಇನ್ನೂ ಕುಂತೀರಲ್ಲ?" ಎಂದ.

ತಕ್ಷಣ ಗುಂಡಿ ಒತ್ತಿದೆವು. ಗೇಟು ಮುದುಕಿಯ ಹಾಗೆ ನರಳುತ್ತಾ ಎದ್ದಿತು. ನೀರು ಗೆರೆಗಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಒಂದು ಜೀವವೂ ಹೋಗಲಿಲ್ಲ. ಕೆಳಪೇಟೆಯಲ್ಲಿ ಮೂರು ದಿನದಿಂದ ಮನೆಮನೆಗೂ ಹೋಳಿಗೆ.

ಆಮೇಲೆ ಹಳೆಯ ದಾಖಲೆ ಕೆದಕಿದಾಗ ನಿನ್ನ ಮೇಲಿನವರ ಟಿಪ್ಪಣಿ ಸಿಕ್ಕಿತು: "ಏನವಾ, ಇದು ಹೆಸರೋ ರೈಲೋ? ಮೌಲ್ಯ೩ ಅಂತ ಮಾಡು, ಸಾಕು." ಎರಡು ದಿನ ಬಿಟ್ಟು ನಿನ್ನ ಉತ್ತರ: "ಇಲ್ರಿ ಸರ್. ಮುಂದ ಓದಾವ್ರಿಗೆ ಕೇಳಾಕ ನಾ ಸಿಗಂಗಿಲ್ಲ." ಆ ಮಾತನ್ನು ಏಳನೆಯ ಗೇಟಿನ ಕಲ್ಲಿನಲ್ಲಿ ಕೆತ್ತಿಸಿದ್ದೇವೆ.

ನಡುವಿನ ಆ ಎರಡು ದಿನ ನೀನು ಏನು ಯೋಚಿಸಿದೆಯೋ, ದಾಖಲೆಯಲ್ಲಿ ಇಲ್ಲ. ಈ ಪತ್ರವನ್ನು ಆ ಎರಡು ದಿನಗಳ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಹೆಸರನ್ನು ಚಿಕ್ಕದು ಮಾಡಬೇಡ. ನನ್ನ ಮಗಳು ಕೆಳಪೇಟೆಯಿಂದ ಊಟಕ್ಕೆ ಬಂದಿದ್ದಾಳೆ, ಎಲೆ ಹಾಕಬೇಕು.

ಬದುಕುಳಿದ ಊರಿನ ಪರವಾಗಿ,
ನೀಲಗಂಗಾ ಹೂಗಾರ