ತುಪ್ಪ ತಿಂದು ಸೋತ ಮಗನಿಗೆ

ಅಸುಂಡಿ, ತಾ. ಗದಗ
೧೮ ನವೆಂಬರ್ ೧೯೫೬, ರವಿವಾರ

ಪ್ರೀತಿಯ ಮಗನೇ ಹೊಳೆಯಪ್ಪಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಬೇಡಿಕೊಂಡೇ ಪೆನ್ನು ಹಿಡಿದಿದ್ದೇನೆ. ತುಟಿಯ ಹೊಲಿಗೆ ಬಿಚ್ಚಿದರೇನಪ್ಪಾ? ಖಾರ ತಿನ್ನಲು ಬರುತ್ತದೋ ಇಲ್ಲವೋ? ಹಲ್ಲುಗಳೆಲ್ಲ ಇದ್ದ ಜಾಗದಲ್ಲೇ ಇವೆಯೇ? ಮುಚ್ಚಿಡಬೇಡ, ಖರೆ ಬರೆ. ಇಲ್ಲಿ ನಿನ್ನ ಅವ್ವನ ಮೊಣಕಾಲು ಬಿಟ್ಟರೆ ಉಳಿದವರೆಲ್ಲ ಆರಾಮ. ಶೇಂಗಾ ಹರಿದು ಮುಗಿಯಿತು, ಬಿಳಿಜೋಳ ಒಳ್ಳೆ ಹದದಲ್ಲಿದೆ, ಕೆಂದ ಆಕಳು ಹೆಣ್ಣುಗರು ಹಾಕಿದೆ. ಈ ತಿಂಗಳ ಒಂದನೇ ತಾರೀಖಿನಿಂದ ನಾವು ಮೈಸೂರು ರಾಜ್ಯದವರಾದೆವು. ಗದಗಿಗೆ ಹೋಗಿ ಭಾಷಣ ಕೇಳಿ, ಕನ್ನಡದವರೆಲ್ಲ ಒಂದಾದೆವು ಎಂದು ಎದೆ ಉಬ್ಬಿಸಿಕೊಂಡು ಪೇಢೆ ತಂದೆ. ನಿನ್ನ ಅವ್ವ ಪೇಢೆಯನ್ನು ಕೈಯಲ್ಲೇ ಹಿಡಿದು, "ಮೊನ್ನಿ ತನಕಾ ನಾವೂ ನನ್ನ ಮಗನೂ ಒಂದ ಮುಂಬಯಿ ಸರಕಾರದಾಗ ಇದ್ವಿ. ಈಗ ನಾವು ಈ ಕಡಿ, ಅವ ಆ ಕಡಿ. ಇದೆಂಥಾ ಕೂಡಸೂದ್ರಿ?" ಎಂದಳು. ನಾನು ನನ್ನ ಪಾಲಿನ ಪೇಢೆ ತಿಂದೆ.

ಇರಲಿ, ನಿನ್ನ ಪತ್ರದ ವಿಷಯಕ್ಕೆ ಬರುತ್ತೇನೆ. ಮುಂಬಯಿಯ ರೈಲ್ವೆ ಕಾರಖಾನೆಯ ನೌಕರಿ ಬಿಡಿಸಿ, ರೊಕ್ಕಕ್ಕಾಗಿ ಬಾಕ್ಸಿಂಗ್ ಆಡಲು ಲಂಡನ್ನಿಗೆ ಕರೆದೊಯ್ಯುತ್ತೇನೆಂದು ಒಬ್ಬ ಏಜಂಟ ಕರಾರುಪತ್ರ ಮುಂದಿಟ್ಟಿದ್ದಾನೆ, ಸಂಕ್ರಾಂತಿ ಮುಗಿದ ಮೇಲೆ ಹಡಗು ಹೊರಡುತ್ತದೆ ಎಂದು ಬರೆದಿದ್ದೀ. "ನೀವು ಹೂಂ ಅಂದ್ರ ಸಹಿ ಹಾಕತೀನಿ, ಬ್ಯಾಡ ಅಂದ್ರ ಆ ಮಾತು ಮತ್ತ ಎತ್ತೂದಿಲ್ಲ" ಎಂದೂ ಬರೆದಿದ್ದೀ. ಮಹಾ ವಿನಯವಂತ! ಅಷ್ಟು ಬರೆದು ನೀನು ಅಲ್ಲಿ ಹಾಯಾಗಿ ಮಲಗಿರುತ್ತೀ, ಇಲ್ಲಿ ನಿನ್ನಪ್ಪನಿಗೆ ನಿದ್ದೆ ಹಾರಿಹೋಗಿದೆ.

ದೇಶದೇಶದ ಖಬರನ್ನು ನೀನು ಬಿಡಿಸಿ ಬರೆದದ್ದನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದೆ. ಅಮೆರಿಕದಲ್ಲಿ ಒಂದು ದೊಡ್ಡ ಗುದ್ದಾಟವೆಂದರೆ ಗದಗ-ಬೆಟಗೇರಿಯ ಜನವೆಲ್ಲ ಸೇರಿದಷ್ಟು ಮಂದಿ ಟಿಕೆಟ್ ಕೊಳ್ಳುತ್ತಾರಂತೆ. ಅಲ್ಲಿ ಗೆದ್ದವನು ಒಂದು ಸಂಜೆಗೆ ಗಳಿಸಿದ್ದನ್ನು ನಮ್ಮ ಹತ್ತಿ ಸಾವಕಾರರು ಜೀವಮಾನದಲ್ಲಿ ಗಳಿಸಲಾರರಂತೆ. ಕೇಳಿದವರೆಲ್ಲ ಬಾಯಿ ತೆರೆದುಕೊಂಡು ಕೂತಿದ್ದರು. ಆದರೆ ಅದೇ ಹಾಳೆಯ ಕೆಳಗೆ ನೀನೇ ಬರೆದಿದ್ದೀಯಲ್ಲ, ಅಲ್ಲೀಗ ಮನೆಮನೆಗೂ ಚಿತ್ರ ತೋರಿಸುವ ಪೆಟ್ಟಿಗೆ ಬಂದು ಜನ ಮನೆಯಲ್ಲೇ ಕೂತು ದೊಡ್ಡವರ ಆಟ ನೋಡುತ್ತಾರೆ, ಸಣ್ಣಪುಟ್ಟ ಊರಿನ ಆಟಗಳು ಬಂದ್ ಆಗುತ್ತಿವೆ ಎಂದು! ಅಂದಮೇಲೆ ಗಳಿಕೆ ಒಬ್ಬನದು, ಗುದ್ದು ಮಾತ್ರ ಎಲ್ಲರದೂ. ಇಂಗ್ಲೆಂಡಿನಲ್ಲಿ ಈ ಆಟದ ಹುಚ್ಚು ಬಹಳ, ಡೇರೆ ಹೊಡೆದು ಅದರೊಳಗೂ ಆಡಿಸುತ್ತಾರೆ ಎಂದಿದ್ದೀ. ಡೇರೆಯಲ್ಲಿ ಆಡಿದವನಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಮಾತ್ರ ಬರೆಯಲಿಲ್ಲ, ಜಾಣ! ರಷ್ಯಾದಲ್ಲಿ ರೊಕ್ಕದ ಆಟವೇ ಇಲ್ಲ, ಸರಕಾರವೇ ನೌಕರಿ ಕೊಟ್ಟು ಸಾಕುತ್ತದೆ. ಜಪಾನಿನವರು ಲಡಾಯಿ ಸೋತ ಮೇಲೆ ಈ ಆಟಕ್ಕೆ ಬಿದ್ದಿದ್ದಾರೆ. ನಮ್ಮ ದೇಶದಲ್ಲಾದರೆ ಮಿಲಿಟರಿ, ರೈಲ್ವೆ, ಕಲಕತ್ತೆಯ ಒಂದಿಷ್ಟು ಕ್ಲಬ್ಬುಗಳು, ಅಷ್ಟೇ. ಗೆದ್ದರೆ ಒಂದು ಕಪ್ಪು, ಒಂದಿಷ್ಟು ಚಪ್ಪಾಳೆ, ಮರುದಿನ ಮುಂಜಾನೆ ಮತ್ತೆ ಡ್ಯೂಟಿ.

ನಿನ್ನ ಗೆಳೆಯ ದಾದಾಪೀರನ ಅಣ್ಣ ಲಾಡಸಾಬ ಲಡಾಯಿಯ ಕಾಲದಲ್ಲಿ ಬರ್ಮಾದಲ್ಲಿ ಲಾರಿ ಓಡಿಸಿದವನು, ನಿನಗೆ ಗೊತ್ತಲ್ಲ. ಅವನೂ ಕಟ್ಟೆಯ ಮೇಲಿದ್ದ. ಬರ್ಮಾದವರು ಕೈಗೆ ಬರೀ ಅರಿವೆ ಸುತ್ತಿಕೊಂಡು ಆಡುತ್ತಾರಂತೆ, ಕಾಲಿನಿಂದಲೂ ಒದೆಯುತ್ತಾರಂತೆ. ಪಕ್ಕದ ಸಯಾಮಿನಲ್ಲಿ ಮೊದಲು ಗುರುವಿಗೆ ನಮಸ್ಕಾರ ಮಾಡಿ, ವಾದ್ಯಕ್ಕೆ ಸರಿಯಾಗಿ ಕುಣಿದು, ಆಮೇಲೆ ಬಡಿದಾಡುತ್ತಾರಂತೆ. ಗುರುವಿಗೆ ನಮಸ್ಕಾರ ಎಂದ ಕೂಡಲೇ ನನಗೆ ಆ ದೇಶದ ಮೇಲೆ ಸ್ವಲ್ಪ ಪ್ರೀತಿ ಬಂತು. "ರೊಕ್ಕ ಯಾರಿಗೆ ಸಿಗತೈತೋ?" ಎಂದು ಕೇಳಿದೆ. "ಕಾಕಾ, ಆಡಾವ್ರಿಗಿಂತ ಜೂಜು ಕಟ್ಟಾವ್ರಿಗೆ ಜಾಸ್ತಿ" ಎಂದ. ಯಾವ ದೇಶದ ಸುದ್ದಿ ತೆಗೆದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಪೆಟ್ಟು ತಿನ್ನುವವನು ಒಬ್ಬ, ಪೆಟ್ಟಿಗೆ ತುಂಬಿಕೊಳ್ಳುವವನು ಇನ್ನೊಬ್ಬ.

ನಮ್ಮ ಕುಸ್ತಿಯಲ್ಲೂ ಗಳಿಕೆ ಏನಿತ್ತು ಎಂದು ನೀನು ಕೇಳಬಹುದು. ನಿಜ, ಕೈಗೆ ರೊಕ್ಕ ಬಂದದ್ದು ಕಡಿಮೆ. ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆ ಸಂಸ್ಥಾನ ಇರುವ ತನಕ ಗೆದ್ದವರಿಗೆ ಕೈಗೆ ಬೆಳ್ಳಿ ಕಡಗ, ತಲೆಗೆ ಪಟಕಾ ಸಿಗುತ್ತಿತ್ತು. ಸಂಸ್ಥಾನಗಳು ಹೋದದ್ದು ಒಳ್ಳೆಯದೇ ಆಯಿತು, ಆದರೆ ಅವುಗಳ ಜೊತೆ ಕಡಗವೂ ಹೋಯಿತು. ಉಳಿದದ್ದು ಖುರಾಕು ಒಂದೇ. ಊರಿಗೊಬ್ಬ ಪೈಲ್ವಾನನಿದ್ದರೆ ಅವನ ಹಾಲು, ತುಪ್ಪ, ಬದಾಮಿ ಊರಿನವರದೇ ಜವಾಬ್ದಾರಿ. ನನ್ನನ್ನು ಈ ಓಣಿ ಹಾಗೇ ಸಾಕಿತು. ಅದೇ ರೂಢಿ ನಿನಗೆ ಮುಳುವಾಯಿತು ನೋಡು! ನಮ್ಮ ಹುಡುಗ ಮುಂಬಯಿಯಲ್ಲಿ ಆಡುತ್ತಾನೆ ಎಂದು ಸುದ್ದಿ ಬಂದದ್ದೇ ತಡ, ಓಣಿಯ ಶಂಕ್ರೆವ್ವ ಬದಾಮಿ ಕೊಟ್ಟಳು, ಉಡಚವ್ವ ಕೊಬ್ಬರಿ ಕೊಟ್ಟಳು, ನಿನ್ನ ಅವ್ವ ಡಬ್ಬಿಗಟ್ಟಲೆ ತುಪ್ಪ ಕಾಸಿ ಅಂಟಿನುಂಡಿ ಕಟ್ಟಿ ಕಳಿಸಿದಳು. ತೂಕ ಹೆಚ್ಚಾದರೆ ಬಾಕ್ಸಿಂಗಿನಲ್ಲಿ ಮೇಲಿನ ವರ್ಗಕ್ಕೆ ತಳ್ಳುತ್ತಾರೆ ಎಂದು ನಮಗೇನು ಗೊತ್ತು? ಉಂಡವನಿಗೆ ಶಿಕ್ಷೆ ಕೊಡುವ ಆಟ ಭೂಮಿಯ ಮೇಲೆ ಇದೆಯೆಂದು ಯಾರು ಅಂದುಕೊಂಡಿದ್ದರು? ನೀನಾದರೂ, ಹುಚ್ಚಪ್ಪಾ, ಅವ್ವ ಕಳಿಸಿದ್ದೆಂದು ಒಂದೂ ಬಿಡದೆ ತಿಂದು, ನಿನ್ನ ಜೋಡಿಯಲ್ಲದ ಆ ಪಂಜಾಬಿ ಧಡಿಯನ ಎದುರು ನಿಂತು ತುಟಿ ಹರಿಸಿಕೊಂಡೆ.

ಅದನ್ನು ನೀನು ನಗೆಚಾಟಿಕೆಯಾಗಿ ಬರೆದೆ. ಇಲ್ಲಿ ಯಾರೂ ನಗಲಿಲ್ಲ. ಶಂಕ್ರೆವ್ವ ಬಂದು, "ಯಣ್ಣಾ, ನನ್ನ ಬದಾಮಿ ಮುಟಗಿಯಷ್ಟ ಇದ್ವು, ಅದರಿಂದ ಆಗಿರಾಕಿಲ್ಲ ಹೌದಲ್ಲೋ?" ಎಂದು ಕಣ್ಣೊರೆಸಿಕೊಂಡಳು. ನಿನ್ನ ಅವ್ವ ಅಂದಿನಿಂದ ರೊಟ್ಟಿಗೆ ತುಪ್ಪ ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದಾಳೆ. ನಾನು ಬೈದರೂ ಕೇಳುವುದಿಲ್ಲ. ನೀನೇ ಅವಳಿಗೆ ಎರಡು ಸಾಲು ಬರೆ.

ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಎದ್ದು ಅಪ್ಪಿಕೊಂಡು ಮನೆಗೆ ಹೋಗುತ್ತೇವೆ. ಅಲ್ಲಿ ಬಿದ್ದವನನ್ನು ಎಣಿಕೆ ಹಾಕಿ ಎಬ್ಬಿಸಿ ಮತ್ತೆ ಮುಖಕ್ಕೇ ಹೊಡೆಸುತ್ತಾರಂತೆ. ನಿನ್ನ ಆ ಮುಖವನ್ನು ನಾನು ಎಣ್ಣೆ ಹಚ್ಚಿ ತಿಕ್ಕಿ ಬೆಳೆಸಿದ್ದೇನೆ, ಹೊಳೆಯಪ್ಪಾ. ನನಗೆ ಹೆದರಿಕೆ ಆಗುತ್ತದೆ. ಎಂಥೆಂಥ ಪೈಲ್ವಾನರ ಮುಂದೆ ಲಂಗೋಟಿ ಕಟ್ಟಿ ನಿಂತವನಿಗೆ ಇಂಥ ಹೆದರಿಕೆ ಆಗಿರಲಿಲ್ಲ. ಬೇಡ ಎಂದರೆ ನೀನು ನನ್ನ ಮಾತು ಮೀರುವವನಲ್ಲ, ಅದೂ ನನಗೆ ಗೊತ್ತು. ಆದರೆ ನಾಳೆ ಕಾರಖಾನೆಯಲ್ಲಿ ಸುತ್ತಿಗೆ ಹಿಡಿದಾಗಲೆಲ್ಲ, ಹೋಗಿದ್ದರೆ ಏನಾಗುತ್ತಿತ್ತೋ ಎಂದು ನೀನು ಅಂದುಕೊಂಡರೆ, ಆ ಕೊರಗನ್ನು ಕೊಟ್ಟವನು ನಾನೇ ಆಗುತ್ತೇನೆ. ಹೂಂ ಎನ್ನಲು ನಾಲಿಗೆ ಬರುವುದಿಲ್ಲ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಇನ್ನೊಂದು ವಾರ ಯೋಚಿಸಲು ಬಿಡು. ಅಲ್ಲಿಯ ತನಕ ಸಹಿ ಹಾಕಬೇಡ.

ಓಣಿಯ ಹಿರಿಯರೆಲ್ಲ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾರೆಂದು ತಿಳಿ. ನಿನ್ನ ಅವ್ವ ದೃಷ್ಟಿ ತೆಗೆದು ಹಾಕಿದ್ದಾಳೆ. ಹೊಟ್ಟೆ ತುಂಬ ಉಣ್ಣು ಎಂದು ಬರೆಯಲು ಹೋಗಿ ಕೈ ತಡೆದೆ. ನಿನ್ನ ತೂಕಕ್ಕೆ ಎಷ್ಟು ಬೇಕೋ ಅಷ್ಟು ಉಣ್ಣಪ್ಪ.

ನಿನ್ನ ಅಪ್ಪ,
ಲಕ್ಷ್ಮಪ್ಪ

ತಾ. ಕ.: ಶೇಂಗಾ ಲಾರಿ ಗದಗಿಗೆ ಹೊರಟಿದೆ, ಟಪಾಲಿಗೆ ಹಾಕುತ್ತೇನೆಂದು ಲಾಡಸಾಬ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನಿಂತವನು ಒಂದು ಮಾತು ಹೇಳಿದ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಬಾಕ್ಸಿಂಗಿನಲ್ಲಿ ಆಡುವವನ ಮೂಲೆಯಲ್ಲಿ ಅವನ ಕಡೆಯವನೊಬ್ಬ ನೀರು, ಟವೆಲು ಹಿಡಿದುಕೊಂಡು ನಿಲ್ಲುತ್ತಾನಂತೆ. ನಮ್ಮವನಿಗೆ ಪೆಟ್ಟು ಸಾಕು ಎನಿಸಿದರೆ ಆ ಟವೆಲನ್ನು ಒಳಗೆ ಎಸೆದುಬಿಟ್ಟರೆ ಆಟ ಅಲ್ಲಿಗೇ ನಿಲ್ಲುತ್ತದಂತೆ. ಇದನ್ನು ನೀನು ಯಾಕೆ ಬರೆಯಲಿಲ್ಲ? ನಿನ್ನ ಮೂಲೆಯಲ್ಲಿ ಯಾರು ನಿಲ್ಲುತ್ತಾರೆ? ಆ ಏಜಂಟನ ಆಳು ನಿಂತರೆ ಟಿಕೆಟ್ ಕೊಂಡವರ ಮುಖ ನೋಡುತ್ತಾನೆ, ನಿನ್ನ ಮುಖ ನೋಡುವುದಿಲ್ಲ. ಅದಕ್ಕೆ ನನ್ನ ಮಾತು ಹೂಂ. ಸಹಿ ಹಾಕು. ಆದರೆ "ನನ್ನ ಮೂಲೆಯಲ್ಲಿ ನನ್ನಪ್ಪ ನಿಲ್ಲುತ್ತಾನೆ" ಎಂದು ಮೊದಲು ಆ ಕರಾರಿನಲ್ಲಿ ಬರೆಸು, ಆಮೇಲೆ ಸಹಿ. ನನ್ನ ಹಡಗಿನ ಖರ್ಚು ನಾನೇ ನೋಡಿಕೊಳ್ಳುತ್ತೇನೆ. ಈಗಲೇ ಹೇಳಿರುತ್ತೇನೆ, ನಾನು ರಕ್ತ ಕಾಣುವ ತನಕ ಕಾಯುವವನಲ್ಲ. ನೀನು ಸಿಟ್ಟಾದರೂ ಸರಿ, ಲಂಡನ್ನಿನವರೆಲ್ಲ ಎದ್ದು ನಿಂತು ಬೈದರೂ ಸರಿ, ಎಸೆದೇ ಎಸೆಯುತ್ತೇನೆ. ನಿನ್ನ ಅವ್ವ ಒಳಗಿನಿಂದ ಕೂಗುತ್ತಿದ್ದಾಳೆ, "ಒಂದ ಟವೆಲ್ ಯಾಕ, ಎರಡ ಒಯ್ರಿ!"